ಪಾರ್ಟ್ ಬಂದಿಲ್ಲ, ಕಂತು ಮಾತ್ರ ತಪ್ಪದೆ ಬರ್ತಿದೆ



ಟಿವಿಯಲ್ಲಿ ‘ದೋಷವಿರುವ ಕಾರುಗಳನ್ನು ವಾಪಸ್ ಕರೆಸಿಕೊಂಡ ಕಂಪನಿ’ ಅಂತ ಸುದ್ದಿ ಬಂದಾಗ, ಪರವಾಗಿಲ್ಲ, ಜವಾಬ್ದಾರಿ ಇದೆ ಅನ್ನಿಸುತ್ತೆ. ಸುದ್ದಿ ಮುಗಿದ ಮೇಲೆ ಆ ಗಾಡಿಯವರ ಗತಿ ಏನಾಯ್ತು ಅಂತ ಯಾರೂ ತೋರಿಸಲ್ಲ. ಅದಕ್ಕೇ ಈ ಪೋಸ್ಟ್. ಸ್ವಲ್ಪ ಉದ್ದ ಇದೆ. ಟ್ಯಾಕ್ಸಿ ಓಡಿಸೋ ನಮ್ಮ ಹುಡುಗರಿಗೆ ದಯವಿಟ್ಟು ತಲುಪಿಸಿ.

ನನ್ನ ತಮ್ಮ ನಿಗಮದ ಸಹಾಯಧನಕ್ಕೆ ಬ್ಯಾಂಕ್ ಸಾಲ ಸೇರಿಸಿ ಟ್ಯಾಕ್ಸಿ ತಗೊಂಡವನು. ನಮ್ಮ ಮನೆತನದಲ್ಲಿ ಆರ್‌ಸಿ ಮೇಲೆ ಹೆಸರು ಬಂದ ಮೊದಲನೇ ಮನುಷ್ಯ. ಕಂಪನಿಯಿಂದ ಕಾಗದ ಬಂತು: ಫ್ಯೂಯೆಲ್ ಪಂಪಿನಲ್ಲಿ ದೋಷವಿದೆ, ಓಡುವಾಗಲೇ ಎಂಜಿನ್ ನಿಲ್ಲಬಹುದು, ಉಚಿತವಾಗಿ ಬದಲಾಯಿಸುತ್ತೇವೆ. ಸರ್ವೀಸ್ ಸೆಂಟರಿಗೆ ಹೋದರೆ ‘ಪಾರ್ಟ್ ಬಂದಿಲ್ಲ, ಬಂದಾಗ ಫೋನ್ ಮಾಡ್ತೀವಿ’. ಎರಡೂವರೆ ತಿಂಗಳಾಯ್ತು, ಫೋನಿಲ್ಲ. ನಾವೇ ಮಾಡಿದರೆ ಅರ್ಧ ಗಂಟೆ ಹಾಡು ಕೇಳಿಸಿ ಹೊಸ ದೂರಿನ ನಂಬರ್ ಕೊಡ್ತಾರೆ. ಈಗ ನಮ್ಮ ಹತ್ತಿರ ನಾಲ್ಕು ನಂಬರ್ ಇವೆ, ಪಂಪ್ ಇಲ್ಲ.

ಒಂದು ದಿನ ರಜೆ ಹಾಕಿ ನಾನೇ ಹೋದೆ. ‘ಅಲ್ಲೀವರೆಗೂ ಗಾಡಿ ಏನು ಮಾಡೋದು ಸರ್?’ ಅಂದೆ.

‘ನಿಧಾನಕ್ಕೆ ಓಡಿಸಿ, ಏನಾಗಲ್ಲ.’

‘ಅದನ್ನೇ ಬರೆದು ಸೀಲ್ ಹಾಕಿಕೊಡಿ.’

ಸುಮ್ಮನಾದರು. ಕಾಗದದಲ್ಲಿ ಅಪಾಯ, ಬಾಯಲ್ಲಿ ‘ಏನಾಗಲ್ಲ’. ನಾನು ಗುಮಾಸ್ತ. ಬಾಯಿಮಾತು ಕಡತಕ್ಕೆ ಸೇರಲ್ಲ ಅಂತ ಚೆನ್ನಾಗಿ ಗೊತ್ತು.

ತಮ್ಮ ರಾತ್ರಿಯ ಏರ್‌ಪೋರ್ಟ್ ಬಾಡಿಗೆ ಬಿಟ್ಟಿದ್ದಾನೆ. ‘ಅಣಾ, ಹಿಂದಿನ ಸೀಟಲ್ಲಿ ಮಕ್ಕಳು ಮಲಗಿರ್ತಾವೆ, ಹೈವೇಲಿ ಲಾರಿ ಮುಂದೆ ಗಾಡಿ ನಿಂತೋದ್ರೆ?’ ಅಂತಾನೆ. ಕಂತು ಕಟ್ಟುತ್ತಿದ್ದದ್ದು ಆ ಬಾಡಿಗೆಯಿಂದಲೇ. ‘ಪಾರ್ಟ್ ಬಂದಿಲ್ಲ’ ಅಂತ ಬ್ಯಾಂಕಿಗೆ ಹೇಳೋಕಾಗುತ್ತಾ?

ಇಷ್ಟರಲ್ಲಿ ನಮ್ಮ ಆಮೇಲೆ ಬಂದ ಒಂದು ಗಾಡಿಗೆ ಪಂಪ್ ಸಿಕ್ಕಿತು. ಕೇಳಿದರೆ ‘ಅವರು ಓನರಿಗೆ ಪರಿಚಯ’. ಇದು ಜಾತಿ ಅಂತ ಬೊಟ್ಟು ಮಾಡಿ ತೋರಿಸೋಕೆ ನನ್ನ ಹತ್ತಿರ ಸಾಕ್ಷಿ ಇಲ್ಲ. ಆದರೆ ‘ಪರಿಚಯ’ ಅನ್ನೋ ಪದದ ಒಳಗೆ ಯಾರಿರ್ತಾರೆ, ಹೊರಗೆ ಯಾರಿರ್ತಾರೆ ಅಂತ ನಿಮಗೂ ಗೊತ್ತು. 1901ರಲ್ಲಿ ಬಾಲಕ ಭೀಮರಾವ್ ಮಸೂರು ಸ್ಟೇಷನ್ನಿನಲ್ಲಿ ಇಳಿದಾಗ ಯಾವ ಗಾಡಿಯವನೂ ಬರಲಿಲ್ಲ. ಎರಡರಷ್ಟು ಬಾಡಿಗೆ ಕೊಟ್ಟು, ಎತ್ತಿನಗಾಡಿ ಮಕ್ಕಳೇ ಹೊಡೀಬೇಕಾಯ್ತು. ಕೈಯಲ್ಲಿ ಕಾಸಿದ್ದ ಮಾತ್ರಕ್ಕೆ ನಾವು ಗಿರಾಕಿ ಆಗಿಬಿಡಲ್ಲ.

ಪಾರ್ಟ್ ಕೊರತೆ ಸುಳ್ಳು ಅಂತ ನಾನು ಹೇಳ್ತಿಲ್ಲ. ಟಕಾಟಾ ಏರ್‌ಬ್ಯಾಗ್ ಪ್ರಕರಣದಲ್ಲಿ ಅಮೆರಿಕದವರೂ ತಿಂಗಳುಗಟ್ಟಲೆ ಕಾದರು. ಆದರೆ 2015ರಲ್ಲಿ ಅಲ್ಲಿನ ರಸ್ತೆ ಸುರಕ್ಷತಾ ಸಂಸ್ಥೆ ಆದ್ಯತೆಯ ಪಟ್ಟಿ ಮಾಡಿತು. ಸೆಖೆ, ತೇವದಿಂದ ಆ ಏರ್‌ಬ್ಯಾಗ್ ಕೆಟ್ಟು ಸಿಡಿಯುತ್ತಿದ್ದರಿಂದ, ಅಂಥ ಪ್ರದೇಶದ ಹಳೇ ಗಾಡಿಗಳಿಗೆ ಮೊದಲು. ಅಂದರೆ ಅಪಾಯ ನೋಡಿ ಸರದಿ, ಮುಖ ನೋಡಿ ಅಲ್ಲ. ರೋಸ್ಟರಿಗಾಗಿ ಹೋರಾಡಿದ ನಮಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ದಿನಾ ಜನರನ್ನ ಕೂರಿಸಿಕೊಂಡು ಓಡೋ ಗಾಡಿಗೆ ಮೊದಲು ಪಾರ್ಟ್ ಕೊಡಿ, ಸರದಿ ಪಟ್ಟಿಯನ್ನ ಗೋಡೆಗೆ ಅಂಟಿಸಿ. ಕೇಳ್ತಿರೋದು ಇಷ್ಟೇ.

ಕಾನೂನು ನಮ್ಮ ಕಡೆಗೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 110ಎ ಕಲಂ ಪ್ರಕಾರ, ದೋಷದ ವಾಹನ ವಾಪಸ್ ಪಡೆಯಲು ಕೇಂದ್ರ ಸರ್ಕಾರವೇ ಆದೇಶಿಸಬಹುದು. ‘ಟ್ಯಾಕ್ಸಿ ವ್ಯಾಪಾರದ ಗಾಡಿ, ನೀವು ಗ್ರಾಹಕರಲ್ಲ’ ಅಂತ ಯಾರಾದರೂ ಅಂದರೆ ಹೆದರಬೇಡಿ. ಹೊಟ್ಟೆಪಾಡಿಗೆ ತಾನೇ ದುಡಿಯಲು ಕೊಂಡವನು ಗ್ರಾಹಕನೇ ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಹೇಳುತ್ತೆ. ಜಿಲ್ಲಾ ಆಯೋಗದಲ್ಲಿ ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ.

ಹಾಗಾಗಿ ಫೋನಲ್ಲಿ ಕೂಗಾಡಿ ಬಿಪಿ ಏರಿಸಿಕೊಳ್ಳಬೇಡಿ. ಕಂಪನಿಯ ಕಾಗದ ಜೋಪಾನ ಮಾಡಿ. ಹೋದಾಗಲೆಲ್ಲ ಜಾಬ್ ಕಾರ್ಡ್ ಬರೆಸಿ. ಅರ್ಜಿ ಕೊಟ್ಟು ಇನ್ನೊಂದು ಪ್ರತಿಗೆ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ಗಾಡಿ ನಿಂತ ದಿನ, ತಪ್ಪಿದ ಬಾಡಿಗೆ, ಕಟ್ಟಿದ ಕಂತು ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲು 1915ಕ್ಕೆ ದೂರು ಕೊಡಿ, ಆಗದಿದ್ದರೆ ಆಯೋಗ.

ನಮ್ಮ ಅರ್ಜಿ ಸೋಮವಾರ ಹೋಗ್ತಿದೆ. ಇದೇ ಪಾಡು ಪಡ್ತಿರೋ ಡ್ರೈವರ್‌ಗಳಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಅರ್ಜಿ ನಾನೇ ಬರೆದುಕೊಡ್ತೀನಿ. ಬರೆಯೋದೇ ನನ್ನ ಕೆಲಸ.

ಜೈಭೀಮ್.