ಗಿಟ್ಟುವ ಲೆಕ್ಕ

ಕೆಜಿಎಫ್‌ನ ಮೈಸೂರು ಮೈನ್ಸ್ ಕಡೆಯವರು ಯಾವುದರ ಬೆಲೆ ಕೇಳಿದರೂ ಅದನ್ನು ಮನಸ್ಸಿನಲ್ಲೇ ಚಿನ್ನಕ್ಕೆ ಇಳಿಸಿ ನೋಡುತ್ತಾರೆ. ಬೈಕಾದರೆ ಇಷ್ಟು ಸವರನ್, ಸೈಟಾದರೆ ಇಷ್ಟು. ಹಾಗೆಂದು ಮನೆಯಲ್ಲಿ ಚಿನ್ನ ಕೊಳೆಯುತ್ತಿತ್ತು ಎಂದಲ್ಲ. ಅಪ್ಪ ಬದುಕಿಡೀ ಕೇಜಿನಲ್ಲಿ ಭೂಮಿಯೊಳಗೆ ಇಳಿದು ಚಿನ್ನದ ಕಲ್ಲು ಒಡೆದರೂ ನಮ್ಮ ಮನೆಯ ಬಂಗಾರ ಅರ್ಧ ವರ್ಷ ಅಮ್ಮನ ಕೊರಳಲ್ಲಿ, ಮಿಕ್ಕರ್ಧ ವರ್ಷ ಆಂಡರ್ಸನ್‌ಪೇಟೆಯ ಗಿರವಿ ಅಂಗಡಿಯಲ್ಲಿ ಇರುತ್ತಿತ್ತು.

ಅಂಥ ಮನೆಯವನಿಗೆ ತಲೆ ನರೆಯುವ ಹೊತ್ತಿಗೆ ಪಿಸ್ತೂಲಿನ ಹುಚ್ಚು ಹತ್ತಿತು. ಗಾಬರಿ ಬೇಡ, ಏರ್ ಪಿಸ್ತೂಲು. ಸೀಸದ 4.5 ಮಿ.ಮೀ. ಗುಂಡು, ಹತ್ತು ಮೀಟರ್ ದೂರದ ಕಾಗದ, ಲೈಸೆನ್ಸಿನ ತಂಟೆಯಿಲ್ಲ. ಆ ಕಾಗದದ ನಡುವಿನ ಹತ್ತು ಅಂಕದ ವೃತ್ತದ ಅಗಲ 11.5 ಮಿ.ಮೀ. ನಾನು ಅದನ್ನು ಆಗಾಗ ಮುಟ್ಟಿದ್ದೇನೆ, ಕಾಗದ ಬದಲಿಸಲು ಹೋದಾಗ.

ನನ್ನ ಮನಸ್ಸು ಕೂತದ್ದು ಸ್ವಿಟ್ಜರ್ಲೆಂಡಿನ ಮೊರಿನಿ ಮೇಲೆ. ಎಲೆಕ್ಟ್ರಾನಿಕ್ ಟ್ರಿಗರ್. ಜೊತೆಗೆ ನಮ್ಮ ಕೈಗೇ ಹೊಂದುವಂತೆ ಕೊರೆದ ಆಕ್ರೋಟ್ ಮರದ ಹಿಡಿ. ಕಾಗದದ ಮೇಲೆ ಅಂಗೈ ಊರಿ ಸುತ್ತ ಗೆರೆ ಎಳೆದು ಕಳಿಸಿದರೆ ಆಯಿತು. ಎಲ್ಲ ಸೇರಿ ಎರಡು ಲಕ್ಷ ರೂಪಾಯಿಯ ಮೇಲೆ.

ಚೌಕಾಸಿಗೆ ಕೂತದ್ದು ಮಾರಿಕುಪ್ಪಂ ಲೋಕಲ್ಲಿನಲ್ಲಿ. ಕೂತದ್ದು ಎಂದೆನಲ್ಲ, ಬಂಗಾರಪೇಟೆ ದಾಟುವಾಗ ನಿಂತೇ ಇದ್ದೆ. ಫೋನಿನಲ್ಲಿ, "ಪಿಸ್ತೂಲು ಎರಡು ಲಕ್ಷಕ್ಕೆ ಕಮ್ಮಿ ಆಗಲ್ವಾ ಸಾರ್?" ಎಂದದ್ದೇ ತಡ, ಇಬ್ಬರು ಎದ್ದು ಜಾಗ ಕೊಟ್ಟರು. 2018ರಲ್ಲಿ ‘ಕೆಜಿಎಫ್’ ಸಿನಿಮಾ ಬಂದ ಮೇಲೆ ನಮ್ಮೂರಿನವರಿಗೆ ಇಂಥ ಮರ್ಯಾದೆ ಅಲ್ಲಲ್ಲಿ ಸಿಗುತ್ತದೆ.

ಮನೆಯಲ್ಲಿ ಹೆಂಡತಿಗೆ ಲೆಕ್ಕ ಒಪ್ಪಿಸಿದೆ. ಚಿನ್ನ ದಿನಾ ಏರುತ್ತಿದೆ, ಪಿಸ್ತೂಲು ಅಷ್ಟು ಏರಿಲ್ಲ. ಹಾಗಾಗಿ ಸವರನ್ ಲೆಕ್ಕದಲ್ಲಿ ಪಿಸ್ತೂಲು ದಿನೇದಿನೇ ಅಗ್ಗವಾಗುತ್ತಿದೆ!

"ಹಾಗಾದ್ರೆ ಚಿನ್ನ ತಗೊಂಡು ಕಾಯೋಣ ರೀ. ಕಾದಷ್ಟೂ ಪಿಸ್ತೂಲು ಸೋವಿ ಆಗುತ್ತೆ," ಎಂದಳು.

ಈ ಗಿಟ್ಟುವ, ಗಿಟ್ಟದ ಮಾತು ನಮ್ಮೂರಿಗೆ ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಅದೇ ಲೆಕ್ಕ. ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಸುಮಾರು 3 ಗ್ರಾಂ ಚಿನ್ನ. ಚಾಂಪಿಯನ್ ರೀಫ್‌ನಲ್ಲಂತೂ ಕಲ್ಲನ್ನು 3 ಕಿ.ಮೀ.ಗೂ ಆಳದಿಂದ ಎತ್ತಬೇಕು. ಗಿಟ್ಟದು ಎಂದು 2001ರ ಫೆಬ್ರವರಿ 28ರಂದು ಬೀಗ ಹಾಕಿದರು. ಆಗ ಜಗತ್ತಿನ ಪೇಟೆಯಲ್ಲಿ ಚಿನ್ನ ಔನ್ಸಿಗೆ 300 ಡಾಲರಿಗೂ ಕಡಿಮೆ. ಗಣಿ ಮುಚ್ಚಿದ ಮೇಲೆ ಬೆಲೆ ಏರತೊಡಗಿತು, ನಡುನಡುವೆ ಇಳಿದರೂ ಮತ್ತೆ ಆ ಮಟ್ಟಕ್ಕೆ ಬಂದಿಲ್ಲ. ಅಪ್ಪ ಬೆಳಿಗ್ಗೆ ಪೇಪರಿನಲ್ಲಿ ಚಿನ್ನದ ದರ ಓದಿ, ಏನೂ ಹೇಳದೆ, ಕ್ರೀಡಾಪುಟಕ್ಕೆ ತಿರುಗಿಸುತ್ತಿದ್ದರು. ಪಿಸ್ತೂಲಿನ ವಿಷಯ ಅವರನ್ನು ಕೇಳಬೇಕಿತ್ತು. ಗಿಟ್ಟುತ್ತದೆಯೋ ಇಲ್ಲವೋ ಎನ್ನುವುದು ಯಾವ ದಿನ ಕೇಳುತ್ತೀಯ ಎನ್ನುವುದರ ಮೇಲಿದೆ ಎನ್ನುತ್ತಿದ್ದರೇನೋ.

ಕಡೆಗೆ ಬೆಂಗಳೂರಿನ ರೇಂಜಿನಲ್ಲಿ ಗೆಳೆಯರೊಬ್ಬರು ತಮ್ಮ ಮೊರಿನಿಯನ್ನೇ ಕೈಗಿತ್ತರು. ಎಂಥ ಸುಖ! ಟ್ರಿಗರ್ ಎಳೆದದ್ದೇ ತಿಳಿಯಲಿಲ್ಲ. ಗುಂಡುಗಳು ಮಾತ್ರ ಎಂದಿನಂತೆ ಏಳು, ಎಂಟು, ಒಂದು ಒಂಬತ್ತು ಎಂದು ಚದುರಿದವು. ನನ್ನ ಹಳೆಯ ಪಿಸ್ತೂಲಿನ ಬೆಲೆ ಅಂದೇ ನನಗೆ ಗೊತ್ತಾದದ್ದು. ಗುರಿ ತಪ್ಪಿದಾಗೆಲ್ಲ ಅದನ್ನು ಬೈಯಬಹುದು. ಎರಡು ಲಕ್ಷ ಕೊಟ್ಟರೆ ಆ ಸವಲತ್ತು ಹೋಗುತ್ತದೆ, ಬೈಯಲು ನಾನೊಬ್ಬನೇ ಉಳಿಯುತ್ತೇನೆ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದ ಶೂಟಿಂಗಿನಲ್ಲಿ ಬೆಳ್ಳಿ ಗೆದ್ದ ನಮ್ಮ ಪ್ರಕಾಶ್ ನಂಜಪ್ಪನಂಥವರಿಗೆ ಅರ್ಧ ಅಂಕದ ಅಂತರ ಬದುಕಿನ ಪ್ರಶ್ನೆ. ಅವರಿಗೆ ಗಿಟ್ಟುತ್ತದೆ, ಕೊಳ್ಳಲೇಬೇಕು.

ಆಸೆ ಸತ್ತಿತೆಂದಲ್ಲ. ಬಂಗಾರಪೇಟೆಯ ಅಂಗಡಿಯೊಂದರಲ್ಲಿ ಇಬ್ಬರೂ ಸೇರಿ ಚಿನ್ನದ ಚೀಟಿ ಕಟ್ಟುತ್ತಿದ್ದೇವೆ. ಮುಗಿದ ಮೇಲೆ ಪಿಸ್ತೂಲೋ ಬಳೆಯೋ, ಆಗ ನೋಡೋಣ ಎಂದು ಒಪ್ಪಂದ. ಅಂಗಡಿಯವನ ಪುಸ್ತಕದಲ್ಲಿ ಮಾತ್ರ ಬಳೆ ಎಂದೇ ಬರೆದಿದೆ, ಅಳತೆ ಸಮೇತ.