ಶಸ್ತ್ರ ಹಿಡಿದವರ ಭಾರ

ಕೋಲಾರ ಚಿನ್ನದ ಗಣಿಯವರಾದ ನಮಗೆ ಕತ್ತಲಲ್ಲಿ ದುಡಿಯುವವರ ಕಷ್ಟ ಗೊತ್ತು. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಎಷ್ಟೇ ಆನಿಕೆ ಕೊಟ್ಟರೂ ಒಮ್ಮೊಮ್ಮೆ ಬಂಡೆ ಸಿಡಿಯುತ್ತಿತ್ತು. ಪ್ರತಿ ಸಲವೂ ಅದು ಆನಿಕೆ ಕೊಟ್ಟವನ ತಪ್ಪೆಂದು ನಮ್ಮ ಹಿರಿಯರು ಹೇಳುತ್ತಿರಲಿಲ್ಲ. ಮೆದುಳಿನ ಶಸ್ತ್ರಚಿಕಿತ್ಸಕರ ವಿಷಯದಲ್ಲಿ ಮಾತ್ರ ನಮಗೆ ಆ ವಿವೇಕ ಇರುವುದಿಲ್ಲ.

2001ರಲ್ಲಿ ಗಣಿ ಮುಚ್ಚಿದ ಮೇಲೆ ಗಣಿಯ ಆಸ್ಪತ್ರೆಯ ಆಸರೆಯೂ ತಪ್ಪಿತು. ತಲೆಗೆ ಪೆಟ್ಟು ಬಿದ್ದರೆ, ಮೆದುಳಿನಲ್ಲಿ ಗಡ್ಡೆ ಕಂಡರೆ ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳ ಅನೇಕರು ಬೆಂಗಳೂರಿಗೋ ವೆಲ್ಲೂರಿಗೋ ಹೊರಡುತ್ತಾರೆ. ಡಾ. ಜೇಕಬ್ ಚಾಂಡಿ 1949ರಲ್ಲಿ ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ತೆರೆದದ್ದು ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ. ಬೆಂಗಳೂರಿನಲ್ಲಿ, ಇಂದಿನ ನಿಮ್ಹಾನ್ಸ್‌ನಲ್ಲಿ, ಈ ವಿದ್ಯೆಗೆ ಅಡಿಪಾಯ ಹಾಕಿದವರು ಡಾ. ಆರ್.ಎಂ. ವರ್ಮ.

ಬಂಗಾರಪೇಟೆಯಿಂದ ರೈಲು ಹತ್ತಿ ಹೀಗೆ ನಾವೂ ಹೋಗಿದ್ದೇವೆ. ನಮ್ಮ ಕುಟುಂಬದ ಹಿರಿಯರೊಬ್ಬರಿಗೆ ಮೆದುಳಿನ ಆಳದಲ್ಲಿ ರಕ್ತಸ್ರಾವವಾಗಿತ್ತು. "ಆಪರೇಷನ್ ಮಾಡಬಹುದು. ಆದರೆ ಮಾಡೋಣ ಅಂತ ಹೇಳೋಕೆ ನನಗೆ ಮನಸ್ಸು ಬರ್ತಿಲ್ಲ" ಎಂದರು ವೈದ್ಯರು. "ನಿಮ್ಮ ತಂದೆಯೇ ಆಗಿದ್ದರೆ?" ಎಂದು ನಮ್ಮ ಚಾಚಾ ಕೇಳಿದರು. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಗೆ ಕರಕೊಂಡು ಹೋಗ್ತಿದ್ದೆ" ಎಂದರು. ಹೇಳುವಾಗ ಅವರ ಕಣ್ಣು ನಮ್ಮ ಕಡೆ ಇರಲಿಲ್ಲ.

ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳನ್ನು ಹೊರಗಿನಿಂದ ಒತ್ತುತ್ತಿದ್ದರೆ ಬೇಗ ತೆಗೆದು ಜೀವ ಉಳಿಸಬಹುದು. ಮೆದುಳಿನ ಆಳವೇ ಹಾಳಾಗಿದ್ದರೆ ಉಸಿರು ಮಾತ್ರ ಉಳಿದೀತು. ಮಾತು, ನೆನಪು, ಮಕ್ಕಳ ಗುರುತು ಮರಳದಿರಬಹುದು. ಗಡ್ಡೆಯನ್ನು ಪೂರ್ತಿ ತೆಗೆಯಹೋದರೆ ಕೈಕಾಲು ಬಿದ್ದುಹೋಗಬಹುದು, ಸ್ವಲ್ಪ ಉಳಿಸಿದರೆ ಮತ್ತೆ ಬೆಳೆಯಬಹುದು. ಎಲ್ಲಿ ನಿಲ್ಲಿಸಬೇಕೆಂದು ಆ ಕ್ಷಣದಲ್ಲೇ ತೀರ್ಮಾನಿಸಬೇಕು. ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಹೆನ್ರಿ ಮಾರ್ಷ್ 2014ರ 'ಡು ನೋ ಹಾರ್ಮ್' ಪುಸ್ತಕದಲ್ಲಿ ತಮ್ಮ ಕೈಯಲ್ಲಿ ಕೆಟ್ಟ ಶಸ್ತ್ರಚಿಕಿತ್ಸೆಗಳನ್ನೂ ಬಚ್ಚಿಡದೆ ಹೇಳಿದ್ದಾರೆ. ನಮ್ಮ ವೈದ್ಯರಿಗೂ ಅಂಥ ಧೈರ್ಯ ಬರಬೇಕಾದರೆ, ಸತ್ಯವನ್ನು ಕೇಳುವ ತಾಳ್ಮೆ ನಮ್ಮಲ್ಲಿರಬೇಕು.

ಶಿಫಾ ಕೊಡುವವನು ಅಲ್ಲಾಹನು, ವೈದ್ಯ ಬರೀ ನೆಪ ಎನ್ನುತ್ತೇವೆ. ಆದರೆ ರೋಗಿ ಎದ್ದು ಕುಳಿತರೆ ಅಲ್ಲಾಹನಿಗೆ ಶುಕ್ರ್ ಹೇಳುವ ನಾವೇ, ಏಳದಿದ್ದರೆ ಆ ನೆಪದ ಕೊರಳಪಟ್ಟಿ ಹಿಡಿಯುತ್ತೇವೆ. ಇದು ಯಾವ ನ್ಯಾಯ? ನಿರ್ಲಕ್ಷ್ಯವನ್ನು ಖಂಡಿತ ಪ್ರಶ್ನಿಸಬೇಕು. ಆದರೆ ಪ್ರಾಮಾಣಿಕ ಯತ್ನ ಸೋಲುವುದೇ ಬೇರೆ, ನಿರ್ಲಕ್ಷ್ಯವೇ ಬೇರೆ.

"ನಿಮಗೆ ತೋಚಿದಂತೆ ಮಾಡಿ ಸಾರ್" ಎಂದು ಓದದೆ ಸಹಿ ಹಾಕುವುದು ಗೌರವದಂತೆ ಕಂಡರೂ, ಹೊಣೆಯನ್ನು ಪೂರ್ತಿ ಅವರ ಹೆಗಲಿಗೆ ದಾಟಿಸುವ ಉಪಾಯ. ಆಪರೇಷನ್ ಆದ ಮೇಲೆ ಇವರ ಬದುಕು ಹೇಗಿರುತ್ತದೆ, ಮಾಡದಿದ್ದರೆ ಏನಾಗುತ್ತದೆ, ಪ್ರಜ್ಞೆಯಿದ್ದಾಗ ಅವರು ಏನು ಬಯಸಿದ್ದರು, ಇವಿಷ್ಟನ್ನು ಕೇಳಿ, ಮನೆಯವರೆಲ್ಲ ಕುಳಿತು ಮಾತಾಡಿ ಸಹಿ ಹಾಕೋಣ. ಚಾಚಾ ಅಂದು ಕೇಳದೇ ಹೋಗಿದ್ದರೆ ಆ ವೈದ್ಯರು ಅದೆಲ್ಲವನ್ನೂ ಒಬ್ಬರೇ ಹೊರಬೇಕಾಗುತ್ತಿತ್ತು.