ಸೋರೋ ಜಾಗ

ನಮ್ಮ ಪಿಕಪ್ಪು ಹಳೇದು. ನಾನೂ ನನ್ನ ತಮ್ಮನೂ ಸಾಲ ಮಾಡಿ ತಂದದ್ದು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ಹೊಳೆಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದ ಕೆಳಗೆ, ನಾಲೆ ಬಯಲಿನ ತೋಟಗಳಿಂದ ತೆಂಗಿನಕಾಯಿ ಸಾಗಿಸೋದು ನಮ್ಮ ಬಾಡಿಗೆ. ಆ ಬಯಲಲ್ಲಿ ನಮಗೆ ಒಂದು ಗುಂಟೆಯೂ ಇಲ್ಲ. 1976ರಲ್ಲಿ ಜೀತ ರದ್ದಾಗೋ ಕಾನೂನು ಬರೋ ತನಕ ಅಪ್ಪ ಅಲ್ಲೇ ಜೀತಕ್ಕಿದ್ದ. ಈಗ ಅದೇ ಜಮೀನಿನ ಕಾಯಿ ನಾವು ಹೊರ್ತೀವಿ. ಗಾಡಿ ಮಾತ್ರ ನಮ್ಮದು.

ಹೋದ ಬೇಸಿಗೆಯಲ್ಲಿ ಒಂದು ದಿನ, ಕಾಯಿ ತುಂಬಿಕೊಂಡು ನಾಲೆ ಏರಿ ಮೇಲೆ ತಿರುವು ತಗೊಳ್ಳುವಾಗ, ಸ್ಟೀರಿಂಗು ಕಲ್ಲಾಯಿತು. ಪವರ್ ಸ್ಟೀರಿಂಗಿನ ಎಣ್ಣೆ ಖಾಲಿಯಾದರೂ ಚಕ್ರ ತಿರುಗದೆ ಇರಲ್ಲ, ಆದರೆ ಪೂರಾ ಭಾರ ತೋಳಿಗೆ ಬರುತ್ತೆ. ತಮ್ಮ ಹಲ್ಲು ಕಚ್ಚಿ ಎಳೆದು ತಿರುಗಿಸಿದ. ಮುಂದಿನ ಚಕ್ರ ಏರಿ ಅಂಚಿನಿಂದ ಗೇಣು ದೂರದಲ್ಲಿ ನಿಂತಿತು.

ಹೇಗೋ ತೋಟದ ಹತ್ತಿರಕ್ಕೇ ಗಾಡಿ ವಾಪಸ್ಸು ತಂದು ಕೆಳಗೆ ತೂರಿದೆವು. ಪಂಪಿನಿಂದ ಸ್ಟೀರಿಂಗ್ ಬಾಕ್ಸಿಗೆ ಹೋಗೋ ಒತ್ತಡದ ಪೈಪು ನಟ್ಟಿನ ಹತ್ತಿರ ಸೋರ್ತಿತ್ತು. ಹಿಂದೆ ಯಾರೋ ಸ್ಕ್ರೂ ಸ್ಪ್ಯಾನರ್ ಹಾಕಿ ನಟ್ಟಿನ ಆರು ಮೂಲೆಯನ್ನೂ ಸವೆಸಿ ಗುಂಡಗೆ ಮಾಡಿದ್ದರು. ಸಾಲದು ಅಂತ ತ್ರೆಡ್ಡಿಗೆ ಟೇಪು ಸುತ್ತಿದ್ದರು.

ತೋಟದ ಯಜಮಾನ ನಿಂತು ನೋಡಿ, "ಇನ್ನೊಂದ್ ಸುತ್ತು ಬಿಗಿ ಹಾಕ್ಲಾ, ನಿಂತ್ಕೋತದೆ" ಅಂದ. ಬಿಗಿ ಹಾಕಿದೆವು. ಇನ್ನೂ ಜಾಸ್ತಿ ಸೋರಿತು.

ಕೈ ತೊಳೆಯೋಕೆ ನೀರು ಕೇಳಿದೆ. ಆತನ ಹೆಂಡತಿ ಚೊಂಬು ತಂದು ಮೇಲಿಂದ ಹುಯ್ದಳು. "ಕೈಯೆಲ್ಲ ಎಣ್ಣೆ ಅಲ್ವೇನಪ್ಪ, ಅದಕ್ಕೆ" ಅಂದಳು. ನಾನೇನೂ ಕೇಳಿರಲಿಲ್ಲ. ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗಿಳಿದು ನೀರು ಕುಡಿದದ್ದು 1927ರಲ್ಲಿ. ನಮ್ಮ ಬೊಗಸೆ ಇನ್ನೂ ಕೆಳಗೇ ಇದೆ.

ರಾತ್ರಿ ಮನೆ ಮುಂದೆ ಪೈಪು ಬಿಚ್ಚಿ ಲಾಟೀನಿನ ಬೆಳಕಿಗೆ ಹಿಡಿದಾಗ ಅಪ್ಪ ಬಂದು ಕುಕ್ಕರಗಾಲಲ್ಲಿ ಕೂತ. ಅಪ್ಪನಿಗೆ ಗಾಡಿ ಗೊತ್ತಿಲ್ಲ, ಸೋರೋದು ಗೊತ್ತು. ಪಂಪ್‌ಸೆಟ್ಟು ಬರೋಕೆ ಮುಂಚೆ ಊರ ಬಾವಿಗಳ ಕಪಿಲೆಗೆ ತೊಗಲಿನ ಬಾನಿ ಹೊಲಿದುಕೊಡ್ತಿದ್ದವನು ಅವನೇ. ತೊಗಲು ಮುಟ್ಟಿದ ನೀರು ಯಾರ ಗದ್ದೆಗೂ ಮೈಲಿಗೆಯಾಗಲಿಲ್ಲ. ಹೊಲಿದ ಕೈ ಮಾತ್ರ ಬಾವಿಕಟ್ಟೆ ಹತ್ತೋ ಹಾಗಿರಲಿಲ್ಲ. 1970ರ ದಶಕದಲ್ಲಿ ಬಂದ ಇಂಡಿಯಾ ಮಾರ್ಕ್ 2 ಬೋರ್ ಪಂಪುಗಳ ಹೊಟ್ಟೆಯೊಳಗೂ ಮೊದಲು ಇದ್ದದ್ದು ತೊಗಲಿನ ವಾಷರೇ. ಆ ನೀರನ್ನೂ ಎಲ್ಲ ಜಾತಿಯವರೂ ಕುಡಿದರು!

ಅಪ್ಪ ಪೈಪಿನ ಬಾಯಿಗೆ ಬೆರಳಿಟ್ಟು ಸವರಿ, "ಬಿಗಿ ಮಾಡಿ ಏನ್ ಬಂತ್ಲಾ? ಕೂರೋ ಜಾಗನೇ ಸೀಳೈತಲ್ಲ" ಅಂದ.

ನಿಜ. ಎಣ್ಣೆ ತಡೆಯೋದು ತ್ರೆಡ್ಡಲ್ಲ. ಪೈಪಿನ ಬಾಯಿ ತುತ್ತೂರಿ ಹಾಗೆ ಅರಳಿರುತ್ತೆ, ಅದು ಎದುರಿನ ಮೊನೆ ಮೇಲೆ ಸರಿಯಾಗಿ ಕೂರಬೇಕು. ನಟ್ಟು ಅದನ್ನ ಒತ್ತಿ ಹಿಡಿಯುತ್ತೆ, ಅಷ್ಟೆ. ಅತಿಯಾಗಿ ಬಿಗಿದರೆ ಆ ಬಾಯೇ ಸೀಳುತ್ತೆ. ಟೇಪು ಸುತ್ತಿದರೆ ಅದರ ಚೂರು ಒಳಗೆ ಹೋಗಿ ವಾಲ್ವು ಕಟ್ಟುತ್ತೆ.

ಪಂಪಿನ ಕಡೆ ಬೋಲ್ಟಿಗೆ ಎರಡು ತಾಮ್ರದ ವಾಷರ್ ಇದ್ದವು, ತುಳಿದು ತುಳಿದು ಗಡುಸಾಗಿದ್ದವು. ಹೊಸದು ಹಾಕೋದೇ ಸರಿ. ಆದರೆ ಅಪ್ಪ ಅವನ್ನ ಒಲೆ ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದ. ಕಬ್ಬಿಣವಾದರೆ ಇನ್ನೂ ಗಡುಸಾಗುತ್ತೆ, ತಾಮ್ರ ಮೆತ್ತಗಾಗುತ್ತೆ. "ಮೆತ್ತಗಿದ್ರೆ ತಾನೆ ಸಂದು ಮುಚ್ಚೋದು. ತೊಗಲೂ ಹಂಗೇಯ."

ಬೆಳಿಗ್ಗೆ ಹಳೆ ಪೈಪನ್ನೇ ಮಾದರಿಗೆ ತುಮಕೂರಿಗೆ ಒಯ್ದು, ಎರಡೂ ತುದಿಗೆ ಹೊಸ ಫಿಟ್ಟಿಂಗು ಪ್ರೆಸ್ ಮಾಡಿಸಿ ತಂದೆ. ಎಣ್ಣೆ ವಾಪಸ್ಸು ಬರೋ ಪೈಪಿಗಾದರೆ ಎಣ್ಣೆ ತಡೆಯೋ ರಬ್ಬರ್ ಟ್ಯೂಬೂ ಕ್ಲಿಪ್ಪೂ ನಡೆಯುತ್ತೆ. ಒತ್ತಡದ ಪೈಪಿಗೆ ಅದು ನಡೆಯಲ್ಲ, ಕಿತ್ತು ಹಾರುತ್ತೆ. ಇನ್ನೊಂದು ಮಾತು, ಗಾಡಿ ಇಟ್ಟುಕೊಂಡಿರೋ ಗೆಳೆಯರಿಗೆ: ಎಂಜಿನ್ ಓಡುವಾಗ ಸೋರಿಕೆ ಹುಡುಕೋಕೆ ಕೈ ಸವರಬೇಡಿ. ಸೂಜಿಯಷ್ಟು ತೂತಿನಿಂದ ಹಾರೋ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತೆ. ಗಾಯ ಚಿಕ್ಕದಾಗಿ ಕಂಡರೂ ಕೈಯೇ ಹೋಗಬಹುದು. ಒಂದು ರಟ್ಟಿನ ತುಂಡು ಹಿಡಿದು ನೋಡಿ.

ನಟ್ಟನ್ನ ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಆಮೇಲೆ ಸೀಳು ಬಾಯಿರೋ ರಿಂಗ್ ಸ್ಪ್ಯಾನರ್ ಹಾಕಿದೆ. ಅದು ನಟ್ಟಿನ ಮೂಲೆ ತಿನ್ನಲ್ಲ. ಎಣ್ಣೆ ಹುಯ್ದು, ಮುಂದಿನ ಚಕ್ರಗಳನ್ನ ಜಾಕಿ ಮೇಲೆತ್ತಿ, ಸ್ಟೀರಿಂಗನ್ನ ಆ ಕೊನೆಯಿಂದ ಈ ಕೊನೆಗೆ ನಿಧಾನಕ್ಕೆ ತಿರುಗಿಸುತ್ತ ಗಾಳಿ ತೆಗೆದೆವು. ಗಾಳಿ ಉಳಿದರೆ ಪಂಪು ಗೋಳಾಡುತ್ತೆ. ಮಾರ್ಕೋನಹಳ್ಳಿಯ ಸೈಫನ್ನೂ ಹಂಗೇ: ಕೆರೆ ತುಂಬಿದಾಗ ಬಾಗಿಲೆತ್ತೋರಿಲ್ಲದೆ ತಾನೇ ನೀರೆಳೆದು ಆಚೆ ಹಾಕುತ್ತೆ, ಒಳಗೆ ಗಾಳಿ ಹೊಕ್ಕರೆ ನಿಂತುಬಿಡುತ್ತೆ.

ಮೂರನೇ ದಿನ ಅದೇ ತೋಟಕ್ಕೆ ಹೋದೆವು. "ಸೋರೋದು ನಿಂತೇನ್ಲಾ?" ಅಂದ ಯಜಮಾನ. "ನಿಂತೈತೆ" ಅಂದ ತಮ್ಮ.

ಕಾಯಿ ತುಂಬುವಾಗ ತಮ್ಮ ಕುಡಿಯೋಕೆ ನೀರು ಕೇಳಿದ. ಆಯಮ್ಮ ಚೊಂಬು ತಂದು ಮೇಲಕ್ಕೆತ್ತಿ ಹಿಡಿದಳು. ತಮ್ಮ ಬೊಗಸೆ ಒಡ್ಡಲಿಲ್ಲ. ಎರಡೂ ಅಂಗೈ ಬಿಡಿಸಿ ತೋರಿಸಿದ.

"ಚೊಂಬು ಕೈಗೇ ಕೊಡಿ ಅಮ್ಮಾವ್ರೆ. ಇವತ್ತು ಎಣ್ಣೆ ಇಲ್ಲ."

ಆಯಮ್ಮ ಗಂಡನ ಮುಖ ನೋಡಿದಳು. ಆತ ತೆಂಗಿನಮರದ ತುದಿ ನೋಡ್ತಿದ್ದ. ಚೊಂಬು ಜಗಲಿ ಮೇಲೆ ಕೂತಿತು. ತಮ್ಮ ಎತ್ತಿಕೊಂಡು ಗಟಗಟ ಕುಡಿದು, ಅಲ್ಲೇ ಇಟ್ಟ.

ಆ ದಿನದ ಬಾಡಿಗೆ ಕೊಟ್ಟರು. ಆಮೇಲೆ ಆ ತೋಟದಿಂದ ಫೋನು ಬಂದಿಲ್ಲ.